ಪಂಡಿತೆ ರಮಾಬಾಯಿಯವರು: ಸೇವೆಯ ನಡುವೆ ವಿದ್ಯಾಭ್ಯಾಸ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಸೀಮೆಗಳಲ್ಲಿಯೂ ಹರಡಿಕೊಂಡಿರುವರು. ಅವರಲ್ಲಿ ಶಿಕ್ಷಕಿಯರುಂಟು, ದಾದಿಯರುಂಟು, ಮನೆಮನೆಗೆ ಹೋಗಿ ಸತ್ಯವೇದವನ್ನು ಓದಿ ತಿಳಿಸುವವರುಂಟು, ಪಾದ್ರಿಗಳ ಮಡದಿಯರಾಗಿ ಸಭೆಯ ಭಾರದಲ್ಲಿ ಅರ್ಧವನ್ನು ಹೊತ್ತವರೂ ಉಂಟು. ಇವರು ಶಾಲೆಗೆ ಬಂದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆಯೊಂದುಂಟು. ಸೇವೆಗೆ ಸೇರಿದ ಮೇಲೆ, ಮನೆ ಮಕ್ಕಳಾದ ಮೇಲೆ, ದೇವಜ್ಞಾನ ಶಾಸ್ತ್ರವನ್ನು ಆಳವಾಗಿ ಕಲಿಯುವದು ಸಾಧ್ಯವೇ, ಅದು ಯೋಗ್ಯವೇ ಎಂಬದೇ ಆ ಪ್ರಶ್ನೆ. ಪಾಲಕರು ಕೇಳುವದು ಬೇರೊಂದು. ಹುಡುಗಿಗೆ ಕೆಲಸ ಸಿಕ್ಕಿತಲ್ಲ, ಇನ್ನು ಓದೇಕೆ ಎಂದು ಅವರು ಕೇಳುತ್ತಾರೆ. ಎರಡಕ್ಕೂ ನನ್ನ ಮಾತಿನಲ್ಲಿ ಉತ್ತರ ಕೊಡುವದಕ್ಕಿಂತ, ಒಬ್ಬ ಸ್ತ್ರೀಯ ಜೀವನವನ್ನು ನಿಮ್ಮ ಮುಂದಿಡುವದು ಲೇಸೆಂದು ತೋರಿತು. ಆಕೆಯ ಹೆಸರನ್ನು ನೀವೆಲ್ಲರೂ ಬಲ್ಲಿರಿ. ಆದರೆ ಆಕೆಯನ್ನು ನಾವು ಸಮಾಜ ಸುಧಾರಕಿಯೆಂದೇ ನೆನೆಯುತ್ತೇವೆ. ಕಡೆಯ ವರೆಗೂ ವಿದ್ಯಾರ್ಥಿನಿಯಾಗಿದ್ದವರೆಂದು ನೆನೆಯುವದು ಕಡಿಮೆ.

ಪಂಡಿತೆ ರಮಾಬಾಯಿಯವರ ಮೂಲವು ನಮ್ಮ ಕನ್ನಡ ನಾಡೇ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ತಾಲೂಕಿನ ಮಾಳ ಎಂಬ ಊರಿನ ಚಿತ್ಪಾವನ ಬ್ರಾಹ್ಮಣರು. ತರುಣರಾಗಿದ್ದಾಗ ಅವರು ಸಂಸ್ಕೃತ ವಿದ್ಯೆಗಾಗಿ ಪುಣೆಗೆ ಹೋಗಿದ್ದರು. ಅಲ್ಲಿ ತಮ್ಮ ಗುರುಗಳು ಪೇಶವೆಯ ಅರಮನೆಯಲ್ಲಿ ರಾಣಿಗೆ ಪಾಠ ಹೇಳುವದನ್ನು ಕಂಡು, ಸ್ತ್ರೀಯೂ ಸಂಸ್ಕೃತವನ್ನು ಕಲಿಯಬಲ್ಲಳೆಂಬ ವಿಚಾರವು ಅವರ ಮನಸ್ಸಿನಲ್ಲಿ ಬೇರೂರಿತು. ಊರಿಗೆ ಮರಳಿದ ಬಳಿಕ ಕಾಲಕ್ರಮದಲ್ಲಿ ತಮ್ಮ ಮಡದಿಯಾದ ಲಕ್ಷ್ಮೀಬಾಯಿಗೆ ತಾವೇ ಪಾಠ ಹೇಳಹತ್ತಿದರು. ಇದು ಶಾಸ್ತ್ರಕ್ಕೆ ವಿರುದ್ಧವೆಂದು ಆಕ್ಷೇಪವೆದ್ದಾಗ ಉಡುಪಿಯ ಪಂಡಿತರ ಸಭೆಯಲ್ಲಿ ಶಾಸ್ತ್ರಗಳ ಆಧಾರದಿಂದಲೇ ಉತ್ತರವಿತ್ತರು. ಆ ಮೇಲೆ ಜನರ ಮಧ್ಯದಲ್ಲಿರಲೊಲ್ಲದೆ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ಶಿಷ್ಯರಿಗೆ ವಿದ್ಯಾದಾನ ಮಾಡುತ್ತಿದ್ದರು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಆ ಬೆಟ್ಟದಲ್ಲಿ 1858ನೆಯ ಇಸವಿಯ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು.

ಕೂಸು ಆರು ತಿಂಗಳಿನದಿರುವಾಗಲೇ ಕುಟುಂಬವು ಮನೆ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಕೂಸನ್ನಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಬೆಟ್ಟವನ್ನಿಳಿದರು. ಅಂದಿನಿಂದ ಆ ಮನೆತನಕ್ಕೆ ಊರೆಂಬದೇ ಇಲ್ಲವಾಯಿತು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗಳಲ್ಲಿ ಕೂಡುವ ಜನಸಂದಣಿಯನ್ನು ಕಂಡ ನಮಗೆ ಕ್ಷೇತ್ರಗಳ ಜೀವನವು ಅಪರಿಚಿತವಲ್ಲ. ಅಂಥ ಕ್ಷೇತ್ರಗಳಲ್ಲಿ ಗುಡಿಯ ಪ್ರಾಂಗಣದಲ್ಲಿಯೋ ಹೊಳೆಯ ದಂಡೆಯಲ್ಲಿಯೋ ಕುಳಿತು ಪುರಾಣವನ್ನು ಓದುವದು, ಕೇಳಿದವರು ಕೊಟ್ಟ ಧಾನ್ಯ ದಕ್ಷಿಣೆಗಳಿಂದ ಹೊಟ್ಟೆ ಹೊರೆಯುವದು, ಇದೇ ಅವರ ವೃತ್ತಿ. ಈ ಅಲೆದಾಟದ ನಡುವೆ ತಾಯಿಯು ನಸುಕಿನಲ್ಲಿ ಎದ್ದು, ಮನೆಗೆಲಸಕ್ಕೆ ಮೊದಲು, ಮಗಳನ್ನು ಎಬ್ಬಿಸಿ ಸಂಸ್ಕೃತವನ್ನು ಬಾಯಿಪಾಠ ಮಾಡಿಸುತ್ತಿದ್ದಳು. ರಮಾಬಾಯಿಯವರ ಮೊದಲನೆಯ ಶಾಲೆಯು ಇದೇ. ಅಲ್ಲಿ ಗೋಡೆಯಿಲ್ಲ, ಹಲಗೆಯಿಲ್ಲ. ಕೆಲಸದ ನಡುವೆ ಬಿಡುವು ಮಾಡಿಕೊಂಡ ಒಬ್ಬ ತಾಯಿಯಿದ್ದಳು. ಹದಿನೈದು ತುಂಬುವದರೊಳಗೆ ಮಗಳಿಗೆ ಸಾವಿರಾರು ಶ್ಲೋಕಗಳು ಕಂಠಗತವಾಗಿದ್ದವು. ಹೋದೆಡೆಯ ಭಾಷೆಗಳೂ ಕಿವಿಗೆ ಬಿದ್ದು ನಾಲಗೆಗೆ ಬಂದವು; ಅವುಗಳಲ್ಲಿ ನಮ್ಮ ಕನ್ನಡವೂ ಒಂದು.

ಇದು ಹೀಗಿರಲು ಮದರಾಸು ಇಲಾಖೆಯಲ್ಲಿ ಬರ ಬಿದ್ದಿತು. ಓದಿ ಬಲ್ಲವರಾದರೂ ಕೂಲಿಯ ಕೆಲಸವನ್ನರಿಯದ ಆ ಕುಟುಂಬವು ಇದ್ದುದನ್ನೆಲ್ಲ ಮಾರಿ ತಿಂದು ಕಡೆಗೆ ಉಪವಾಸ ಬಿದ್ದಿತು. 1874ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆ ತಾಯಿಗಳಿಬ್ಬರೂ ತೀರಿಕೊಂಡರು. ತರುವಾಯ ಅಕ್ಕನೂ ತೀರಿಕೊಂಡಳು. ಎರಡು ವರ್ಷಗಳ ಮೇಲೆ, 1876ರಿಂದ 1878ರ ವರೆಗೆ, ಅಂಥದೇ ಬರವು ನಮ್ಮ ಬೆಳಗಾವಿ ಧಾರವಾಡ ಜಿಲ್ಲೆಗಳ ಎರೆಭೂಮಿಯನ್ನೂ ಸುಟ್ಟಿತು. ಹಸಿವೆಂದರೇನೆಂದು ರಮಾಬಾಯಿಯವರು ಪುಸ್ತಕದಿಂದ ಕಲಿಯಲಿಲ್ಲ. ಮುಂದೆ ಬರದ ನಾಡಿನ ಹುಡುಗಿಯರನ್ನು ಕಂಡಾಗ ಅವರು ಹಿಂದಕ್ಕೆ ಸರಿಯದೆ ಇದ್ದುದಕ್ಕೆ ಕಾರಣವು ಇಲ್ಲಿಯೇ ಇದೆ.

ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾಬಾಯಿ ಇಬ್ಬರೇ. ಸಾವಿರಾರು ಮೈಲು ಕಾಲ್ನಡಿಗೆಯಿಂದ ದೇಶವನ್ನು ಸುತ್ತಿ 1878ರಲ್ಲಿ ಅವರು ಕಲಕತ್ತೆಗೆ ಬಂದರು. ಇಪ್ಪತ್ತು ವರ್ಷದ ಅವಿವಾಹಿತ ತರುಣಿಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವದನ್ನು ಕೇಳಿ ಅಲ್ಲಿನ ವಿದ್ವಾಂಸರು ಬೆರಗಾಗಿ, ಪರೀಕ್ಷಿಸಿ, ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನಿತ್ತರು. ಆದರೆ ಹೆಂಗಸರ ವಿಷಯವಾಗಿ ಶಾಸ್ತ್ರಗಳು ಹೇಳುವದನ್ನು ಓದಿದಷ್ಟೂ ಅವರ ಮನಸ್ಸು ಕಲಕಿತು. 1880ರಲ್ಲಿ ಅಣ್ಣನೂ ತೀರಿಕೊಂಡ ಬಳಿಕ ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ಮದುವೆಯಾದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು; 1882ರ ಫೆಬ್ರವರಿಯಲ್ಲಿ ಗಂಡನು ಕಾಲರಾ ಬೇನೆಯಿಂದ ಮೃತನಾದನು. ಆ ಅಲ್ಪಕಾಲದ ಸಂಸಾರದಲ್ಲಿ ಗಂಡನ ಪುಸ್ತಕಗಳ ನಡುವೆ ಬಂಗಾಲಿ ಭಾಷೆಯ ಲೂಕನ ಸುವಾರ್ತೆಯೊಂದು ರಮಾಬಾಯಿಯವರ ಕೈಗೆ ಸಿಕ್ಕಿತ್ತು. ಕ್ರೈಸ್ತ ಶಾಸ್ತ್ರಾಭ್ಯಾಸದ ಮೊದಲನೆಯ ಪಾಠವೆಂದು ಇದನ್ನು ಎಣಿಸಬಹುದು. ಅದನ್ನು ಕೊಟ್ಟ ಗುರುವಿಲ್ಲ, ವಿಧಿಸಿದ ಶಾಲೆಯಿಲ್ಲ.

ಎಳೆಯ ಮಗಳನ್ನೆತ್ತಿಕೊಂಡು ರಮಾಬಾಯಿಯವರು ಪುಣೆಗೆ ಬಂದು ಸ್ತ್ರೀಯರಿಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ನುಡಿದು, ಈ ದೇಶಕ್ಕೆ ಶಿಕ್ಷಕಿಯರೂ ಸ್ತ್ರೀ ವೈದ್ಯರೂ ಬೇಕೆಂದು ವಾದಿಸಿದರು. ಈ ಕೆಲಸಗಳ ನಡುವೆಯೇ ಇಂಗ್ಲಿಷನ್ನೂ ಮರಾಠಿ ಹೊಸ ಒಡಂಬಡಿಕೆಯನ್ನೂ ಓದಹತ್ತಿದರು. ಕಾಶಿಯ ಪಂಡಿತರಾಗಿದ್ದು ಕ್ರೈಸ್ತ ಪುರೋಹಿತರಾದ ನೆಹೆಮ್ಯ ಗೋರೆಯವರೊಡನೆ ಧರ್ಮ ವಿಚಾರ ನಡೆಸಿದರು. ವೈದ್ಯ ವಿದ್ಯೆಯನ್ನು ಕಲಿಯುವ ಉದ್ದೇಶದಿಂದ 1883ರಲ್ಲಿ ಇಂಗ್ಲಂಡಕ್ಕೆ ತೆರಳಿ ವಾಂಟೇಜ್ ಎಂಬಲ್ಲಿಯ ಸಂನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡರು. ಕಿವಿ ಮಂದವಾಗಿದ್ದುದರಿಂದ ವೈದ್ಯ ವಿದ್ಯೆಯ ಆಶೆಯನ್ನು ಬಿಡಬೇಕಾಯಿತು. ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು.

ದೀಕ್ಷಾಸ್ನಾನದೊಡನೆ ಕಲಿಯುವದು ಮುಗಿಯಿತೆಂದು ಕೆಲವರು ತಿಳಿದಿದ್ದರೆ ಅವರ ಎಣಿಕೆ ತಪ್ಪಾಯಿತು. ತ್ರಯೇಕತ್ವವೇನು, ಕ್ರಿಸ್ತನ ದೈವತ್ವವೇನು, ಸಭೆಯ ಅಧಿಕಾರವು ಎಲ್ಲಿಯ ವರೆಗೆ ಎಂಬಿವೇ ಮೊದಲಾದ ತತ್ತ್ವಗಳನ್ನು ಸತ್ಯವೇದದೊಡನೆ ತಾಳೆ ಹಾಕಿ ನೋಡದೆ ಅವರು ಒಪ್ಪುತ್ತಿರಲಿಲ್ಲ. ಅವರನ್ನು ಮಗಳಂತೆ ನೋಡಿಕೊಂಡ ಸಿಸ್ಟರ್ ಜೆರಾಲ್ಡೀನರಿಗೂ ಅವರಿಗೂ ಈ ವಿಷಯಗಳಲ್ಲಿ ಬಹುಕಾಲ ಪತ್ರವ್ಯವಹಾರ ನಡೆಯಿತು. ಸಿಸ್ಟರರು ಅದನ್ನು ಗರ್ವವೆಂದು ಭಾವಿಸಿದರು. ರಮಾಬಾಯಿಯವರಿಗೆ ಅದು ಮನಃಸಾಕ್ಷಿಯ ಪ್ರಶ್ನೆಯಾಗಿತ್ತು. ಒಬ್ಬ ಶಿಕ್ಷಕಿಯಾಗಿ ನಾನು ಈ ಸಂಗತಿಯನ್ನು ಓದಿದಾಗಲೆಲ್ಲ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳುವ ಹುಡುಗಿಯ ಮುಖವು ಕಣ್ಣ ಮುಂದೆ ಬರುವದು. ನಾವು ಅವಳನ್ನು ಎಷ್ಟು ಸುಲಭವಾಗಿ ಉದ್ಧಟಳೆಂದು ಕರೆದುಬಿಡುತ್ತೇವೆ!

ಅಲ್ಲಿಂದ ಅವರು ಚೆಲ್ಟನಹ್ಯಾಮ್ ಎಂಬ ಊರಿನ ಹೆಸರಾಂತ ಸ್ತ್ರೀ ವಿದ್ಯಾಲಯಕ್ಕೆ ಹೋದರು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಡೊರೊಥಿಯಾ ಬೀಲ್ ಅವರು ಪ್ರಶ್ನೆಗಳಿಗೆ ಅಂಜದವರು. ರಮಾಬಾಯಿಯವರು ಅಲ್ಲಿ ತಾವು ಕಲಿಯುತ್ತ ಇತರರಿಗೆ ಸಂಸ್ಕೃತವನ್ನು ಕಲಿಸುತ್ತಲೂ ಇದ್ದರು. ಗಂಡಸರಿಗೂ ಅವರು ಪಾಠ ಹೇಳುವ ಮಾತು ಬಂದಾಗ ಹಿಂದುಸ್ಥಾನದಲ್ಲಿದ್ದ ಇಬ್ಬರು ಬಿಷಪ್ಪರು ಅದು ಸಲ್ಲದೆಂದು ಆಕ್ಷೇಪಿಸಿದರು. ತಂದೆಯು ಉಡುಪಿಯ ಸಭೆಯಲ್ಲಿ ಎದುರಿಸಿದ ಗೋಡೆಯನ್ನೇ ಮಗಳು ಬೇರೊಂದು ದೇಶದಲ್ಲಿ, ತನ್ನದೇ ಸಭೆಯಲ್ಲಿ ಎದುರಿಸಬೇಕಾಯಿತು. ಇದರಿಂದ ಅವರ ಮನಸ್ಸು ನೊಂದಿತು. ವಿದ್ಯೆಯಲ್ಲಿಯ ಆಸಕ್ತಿ ಮಾತ್ರ ಕುಗ್ಗಲಿಲ್ಲ.

1886ರಲ್ಲಿ ತಮ್ಮ ಬಂಧುವಾದ ಆನಂದಿಬಾಯಿ ಜೋಶಿಯವರು ವೈದ್ಯ ಪದವಿ ಪಡೆಯುವದನ್ನು ನೋಡಲು ಅಮೇರಿಕಕ್ಕೆ ಹೋದವರು ಅಲ್ಲಿಯೇ ಸುಮಾರು ಮೂರು ವರ್ಷ ನಿಂತು ಶಿಶುಶಿಕ್ಷಣದ ಕಿಂಡರಗಾರ್ಟನ್ ಪದ್ಧತಿಯನ್ನು ಅಭ್ಯಾಸ ಮಾಡಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅದನ್ನೋದಿದ ಅಲ್ಲಿಯ ಜನರು ಸಂಘವೊಂದನ್ನು ಕಟ್ಟಿ ವಿಧವೆಯರ ಶಾಲೆಗೆ ಸಹಾಯವಿತ್ತರು. ಹೀಗೆ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರ್ಷ ಪುಣೆಗೆ ಹೋಯಿತು. ಮುಂದೆ ಧೋಂಡೋ ಕೇಶವ ಕರ್ವೆಯವರ ಮಡದಿಯಾದ ಗೋದೂಬಾಯಿಯು ಇಲ್ಲಿಯ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬಳು.

ಈ ಸದನದಲ್ಲಿ ಯಾವ ಮತವನ್ನೂ ಬಲವಂತದಿಂದ ಬೋಧಿಸಬಾರದೆಂಬ ಕರಾರಿತ್ತು. ಆದರೆ ರಮಾಬಾಯಿಯವರು ತಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳುತ್ತಿದ್ದರು. 1893ರಲ್ಲಿ ಇದೇ ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಪತ್ರಿಕೆಗಳು ಖಂಡಿಸಿದವು, ರಾನಡೆ, ಭಾಂಡಾರಕರರಂಥ ಹಿತಚಿಂತಕರು ಸಲಹಾ ಮಂಡಲಿಯನ್ನು ಬಿಟ್ಟರು, ಅನೇಕ ಪಾಲಕರು ಮಕ್ಕಳನ್ನು ಕರೆದೊಯ್ದರು. ಆ ಪಾಲಕರ ಭಯವನ್ನೂ, ತನ್ನ ನಂಬಿಕೆಯನ್ನು ಬಚ್ಚಿಡಲಾರದ ಆ ಸ್ತ್ರೀಯ ಸಂಕಟವನ್ನೂ ನಾವು ಒಟ್ಟಿಗೇ ನೋಡತಕ್ಕದ್ದು. ಎಲ್ಲ ಮತಗಳ ಮಕ್ಕಳೂ ಕಲಿಯುವ ನಮ್ಮ ಶಾಲೆಯಂಥ ಶಾಲೆಗಳಿಗೆ ಇದು ಇಂದಿಗೂ ವಿಚಾರಿಸತಕ್ಕ ಪಾಠ.

ಇದಕ್ಕೆ ಎರಡು ವರ್ಷ ಮೊದಲು, 1891ರ ಸುಮಾರಿಗೆ, ಅವರ ಅಂತರಂಗದಲ್ಲಿ ಬದಲಾವಣೆಯೊಂದು ಆಗಿತ್ತು. ಎಂಟು ವರ್ಷ ಕ್ರೈಸ್ತಳಾಗಿದ್ದರೂ ತಾನು ಕ್ರಿಸ್ತನ ಮತವನ್ನು ಕಂಡುಕೊಂಡೆನೇ ಹೊರತು ಕ್ರಿಸ್ತನನ್ನೇ ಕಂಡುಕೊಳ್ಳಲಿಲ್ಲವೆಂದು ಅವರಿಗೆ ಮನವರಿಕೆಯಾಯಿತು. ಶಾಸ್ತ್ರಜ್ಞಾನವು ಭಕ್ತಿಗೆ ಬದಲಾಗದೆಂದು ಇದರಿಂದ ತಿಳಿಯುವದು. ಆದರೆ ಗಮನಿಸಿರಿ: ಹೀಗೆ ತಿಳಿದ ಬಳಿಕ ರಮಾಬಾಯಿಯವರು ಪುಸ್ತಕಗಳನ್ನು ಮುಚ್ಚಿಡಲಿಲ್ಲ. ಅವರ ಅತ್ಯಂತ ಕಠಿನವಾದ ಅಭ್ಯಾಸವು ಇನ್ನೂ ಮುಂದಿತ್ತು.

1896 ಮತ್ತು 1897ರಲ್ಲಿ ಮಧ್ಯ ಪ್ರಾಂತದಲ್ಲಿ ಬರ ಬಂದಿತು. ರಮಾಬಾಯಿಯವರು ತಾವೇ ಹೋಗಿ ಸುಮಾರು 300 ಜನ ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದರು. ಪುಣೆಯಿಂದ ಸುಮಾರು 34 ಮೈಲು ದೂರದ ಕೇಡಗಾಂವದಲ್ಲಿ ಕೊಂಡಿದ್ದ ಹೊಲದಲ್ಲಿ ಅವರಿಗೆ ಆಶ್ರಯವಾಯಿತು. ಅದೇ ಮುಕ್ತಿ ಸದನ. 1900ರ ಗುಜರಾಥದ ಬರದ ತರುವಾಯ ಅಲ್ಲಿಯವರ ಸಂಖ್ಯೆಯು ಎರಡು ಸಾವಿರದ ಸಮೀಪಕ್ಕೆ ಏರಿತು. ಬಾವಿ ತೋಡಿಸಬೇಕು, ಕಾಳು ಕೊಳ್ಳಬೇಕು, ರೋಗಿಗಳನ್ನು ನೋಡಬೇಕು, ಅಕ್ಷರವರಿಯದವರಿಗೆ ಅಕ್ಷರ ಕಲಿಸಬೇಕು, ನೇಯ್ಗೆ, ಹೈನು, ಎಣ್ಣೆಯ ಗಾಣ, ಒಕ್ಕಲುತನ ಮೊದಲಾದ ಕೆಲಸಗಳನ್ನು ಹಚ್ಚಿಕೊಡಬೇಕು. ನೂರಿನ್ನೂರು ಹುಡುಗಿಯರ ವಸತಿಗೃಹವನ್ನು ನಡೆಯಿಸಿ ಬಲ್ಲವರಿಗೆ ಇದರ ಭಾರವು ಎಷ್ಟೆಂದು ತಿಳಿಯುವದು.

ಈ ಭಾರದ ನಡುವೆಯೇ ಅವರ ಮನಸ್ಸಿಗೆ ಒಂದು ಕೊರತೆಯು ಹೊಳೆಯಿತು. ಮುಕ್ತಿಗೆ ಬಂದವರಲ್ಲಿ ಬಹುಜನರು ಹಳ್ಳಿಯವರು, ಬಡವರು. ಸತ್ಯವೇದದ ಮರಾಠಿ ಭಾಷಾಂತರವು ಸಂಸ್ಕೃತ ಶಬ್ದಗಳಿಂದ ತುಂಬಿ ಅವರಿಗೆ ಎಟುಕದಂತಿತ್ತು. ಪುರಾಣ ಶಾಸ್ತ್ರಗಳನ್ನು ಕಂಠಪಾಠ ಮಾಡಿದ್ದ ರಮಾಬಾಯಿಯವರಿಗೆ ಇನ್ನೊಂದೂ ತಿಳಿದಿತ್ತು. ಅಂಥ ಒಂದೊಂದು ಸಂಸ್ಕೃತ ಶಬ್ದವೂ ತನ್ನ ಹಿಂದಿನ ಅರ್ಥವನ್ನು ಜೊತೆಗೆ ಹೊತ್ತು ತರುವದು. ಆದುದರಿಂದ ಸಾಮಾನ್ಯ ಹೆಂಗಸು ಓದಿ ತಿಳಿಯಬಹುದಾದ ಸರಳ ಮರಾಠಿಯಲ್ಲಿ ಇಡೀ ಸತ್ಯವೇದವನ್ನು ಹೊಸದಾಗಿ ಭಾಷಾಂತರಿಸಲು ನಿಶ್ಚಯಿಸಿದರು. ಇಂಗ್ಲಿಷಿನಿಂದ ಭಾಷಾಂತರಿಸುವದು ಸುಲಭವಿತ್ತು. ಆದರೆ ಮೂಲವನ್ನೇ ನೋಡಬೇಕೆಂದು, ಹಳೆ ಒಡಂಬಡಿಕೆಗಾಗಿ ಇಬ್ರಿಯ ಭಾಷೆಯನ್ನೂ ಹೊಸ ಒಡಂಬಡಿಕೆಗಾಗಿ ಗ್ರೀಕ್ ಭಾಷೆಯನ್ನೂ ಅಭ್ಯಾಸ ಮಾಡಹತ್ತಿದರು. ಆಗ ಅವರ ವಯಸ್ಸು ನಲವತ್ತೈದನ್ನು ದಾಟಿತ್ತು, ಕಿವಿ ಮಂದವಾಗಿತ್ತು, ಮೈಯಲ್ಲಿ ಬಲವು ಕಡಿಮೆಯಾಗುತ್ತಿತ್ತು.

ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ದೈವಜ್ಞಾನ ಶಾಲೆಯು 1847ರಲ್ಲಿಯೇ ಆರಂಭವಾಗಿತ್ತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಲ್ಲಿ ತೆರೆಯಿತು. ಆದರೆ ಸ್ತ್ರೀಯರು ಆ ಶಾಸ್ತ್ರದಲ್ಲಿ ಪದವಿ ಪಡೆಯುವದು ಆ ಕಾಲದ ರೂಢಿಯಲ್ಲಿರಲಿಲ್ಲ. ರಮಾಬಾಯಿಯವರಿಗೆ ತರಗತಿಯಿಲ್ಲ, ಪರೀಕ್ಷೆಯಿಲ್ಲ, ಕಡೆಗೆ ಸಿಗುವ ಪ್ರಮಾಣಪತ್ರವೂ ಇಲ್ಲ. ಸದನದ ಕೆಲಸಗಳ ನಡುವೆ ಮೂಲಗ್ರಂಥ, ಕೋಶ, ವ್ಯಾಕರಣಗಳನ್ನು ಹರಡಿಕೊಂಡು ಒಂದೊಂದು ಶಬ್ದವನ್ನೂ ತೂಗಿ ಬರೆದರು. ತಾಯಿಯು ನಸುಕಿನಲ್ಲಿ ಕಲಿಸಿದ ಸಂಸ್ಕೃತ ವ್ಯಾಕರಣದ ಶಿಸ್ತು ನಲವತ್ತು ವರ್ಷಗಳ ಮೇಲೆ ಇಲ್ಲಿ ಉಪಯೋಗಕ್ಕೆ ಬಂದಿತು. ಈ ಕೆಲಸವು ಸುಮಾರು ಹದಿನೇಳು ವರ್ಷ ನಡೆಯಿತು. ಅಚ್ಚಿನ ಮೊಳೆಗಳನ್ನು ಜೋಡಿಸಿ ಮುದ್ರಿಸಿದವರೂ ಮುಕ್ತಿಯ ಹುಡುಗಿಯರೇ. ಬರದಲ್ಲಿ ಸಾಯಲಿದ್ದವರ ಕೈಗಳಿಂದ ಸತ್ಯವೇದವು ಅಚ್ಚಾಯಿತು.

ಮಗಳು ಮನೋರಮಾಬಾಯಿಯೂ ತಾಯಿಯ ದಾರಿಯನ್ನೇ ಹಿಡಿದಳು. ಸೇವೆಯ ಜೊತೆಗೆ ಓದಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಪಡೆದಳು, ಅಂಧರಿಗೆ ಬ್ರೈಲ್ ಲಿಪಿಯಿಂದ ಓದಲು ಕಲಿಸಿದಳು. 1910ರ ದಶಕದಲ್ಲಿ ತಾಯಿ ಮಗಳು ನಮ್ಮ ಕನ್ನಡ ನಾಡಿನ ಗುಲಬರ್ಗೆಯಲ್ಲಿ, ಎಂದರೆ ಈಗಿನ ಕಲಬುರಗಿಯಲ್ಲಿ, ಕ್ರೈಸ್ತ ಶಾಲೆಯೊಂದನ್ನು ತೆರೆದರು. ಬುಟ್ಟಿಯಲ್ಲಿ ಮಲಗಿ ಕನ್ನಡ ನಾಡನ್ನು ಬಿಟ್ಟುಹೋದ ಕೂಸು ಹೀಗೆ ವಿದ್ಯೆಯನ್ನು ಹಿಡಿದುಕೊಂಡು ಮರಳಿ ಬಂದಂತಾಯಿತು.

1919ರಲ್ಲಿ ಸರಕಾರವು ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತಿತು. ಆದರೆ ದುಃಖವು ಅವರನ್ನು ಕೈಬಿಡಲಿಲ್ಲ. ತನ್ನ ನಂತರ ಮುಕ್ತಿಯನ್ನು ನಡೆಯಿಸುವಳೆಂದು ನಂಬಿದ್ದ ಮಗಳು 1921ರ ಜುಲೈಯಲ್ಲಿ ನಲವತ್ತನೆಯ ವಯಸ್ಸಿಗೆ ತೀರಿಕೊಂಡಳು. ಅದಾದ ಮೇಲೂ ರಮಾಬಾಯಿಯವರು ಮೇಜಿನ ಬಳಿಗೆ ಹೋಗಿ ಉಳಿದ ಪುಟಗಳನ್ನು ತಿದ್ದುತ್ತಿದ್ದರು. ಭಾಷಾಂತರದ ಕೆಲಸವನ್ನು ಪೂರೈಸಿ, 1922ರ ಏಪ್ರಿಲ್ 5ರಂದು ದೇವರ ವಿಶ್ರಾಂತಿಯಲ್ಲಿ ಸೇರಿದರು. ಸಂಪೂರ್ಣ ಸತ್ಯವೇದವು 1924ರಲ್ಲಿ ಪ್ರಕಟವಾಯಿತು. ಆ ಭಾಷಾಂತರವು ಸಭೆಗಳಲ್ಲಿ ಹೆಚ್ಚಾಗಿ ಬಳಕೆಗೆ ಬರಲಿಲ್ಲವೆಂಬದನ್ನು ನಾನು ಮುಚ್ಚಿಡಲಾರೆನು. ಆದರೂ ಒಬ್ಬ ಸ್ತ್ರೀಯು ಮೂಲಭಾಷೆಗಳನ್ನು ಕಲಿತು ಇಡೀ ಸತ್ಯವೇದವನ್ನು ಭಾಷಾಂತರಿಸಿದಳೆಂಬದು ಅಳಿಯದ ಮಾತು. ಮುಕ್ತಿ ಸದನವು ಇಂದಿಗೂ ಕೇಡಗಾಂವದಲ್ಲಿ ನಡೆಯುತ್ತಿದೆ. 1989ರಲ್ಲಿ ಭಾರತ ಸರಕಾರವು ಅವರ ಹೆಸರಿನಲ್ಲಿ ಅಂಚೆ ಚೀಟಿಯನ್ನು ಹೊರಡಿಸಿತು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಪ್ರಶ್ನೆಗೆ ಉತ್ತರವು ಈ ಜೀವನದಲ್ಲಿದೆಯೆಂದು ನಂಬುತ್ತೇನೆ. ರಮಾಬಾಯಿಯವರು ಸೇವೆಯನ್ನು ಬಿಟ್ಟು ಓದಲಿಲ್ಲ. ಓದನ್ನು ಮುಗಿಸಿ ಸೇವೆಗೂ ಇಳಿಯಲಿಲ್ಲ. ಎದುರಿಗೆ ಕುಳಿತ ಬಡ ಹೆಂಗಸಿಗೆ ವಾಕ್ಯವು ತಿಳಿಯಲಿಲ್ಲವೆಂಬ ಕಾರಣಕ್ಕೇ ಅವರು ಇಬ್ರಿಯ ವ್ಯಾಕರಣವನ್ನು ತೆರೆದರು. ಸೇವೆಯೇ ಅವರನ್ನು ಓದಿಗೆ ಕಳುಹಿಸಿತು. ನೀವು ಹಳ್ಳಿಯ ಓಣಿಯಲ್ಲಿ ಕುಳಿತು ಓದಿ ಹೇಳುವಾಗ ಯಾವ ಪ್ರಶ್ನೆಗೆ ಉತ್ತರ ತೋಚಲಿಲ್ಲವೋ ಅಲ್ಲಿಂದಲೇ ನಿಮ್ಮ ಅಭ್ಯಾಸವು ಆರಂಭವಾಗಲಿ. ಅವರಿಗೆ ಮುಚ್ಚಿದ್ದ ಬಾಗಿಲುಗಳು ಇಂದು ನಿಮಗೆ ತೆರೆದಿವೆ. ದೈವಜ್ಞಾನ ಶಾಲೆಗಳಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದಾರೆ, ಪಾದ್ರಿಗಳಾಗಿ ಅಭಿಷೇಕ ಹೊಂದುತ್ತಿದ್ದಾರೆ. 2013ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಬ್ಬ ಸ್ತ್ರೀಯು ಬಿಷಪ್ಪರೂ ಆದರು.

ಪಾಲಕರಲ್ಲಿ ನನ್ನದೊಂದು ವಿನಂತಿ. ಚೆನ್ನಮ್ಮ ರಾಣಿಯ ಸಮಾಧಿಯಿರುವ ಈ ಬೈಲಹೊಂಗಲದ ಸೀಮೆಯಲ್ಲಿ ಹೆಣ್ಣಿನ ಧೈರ್ಯಕ್ಕೆ ಸಾಕ್ಷಿ ಬೇಕಿಲ್ಲ. ಹೆಣ್ಣಿನ ಓದಿಗೆ ಮಾತ್ರ ನಾವು ಇನ್ನೂ ಗಡುವು ಹಾಕುತ್ತೇವೆ. ಕೆಲಸ ಸಿಕ್ಕ ಮಗಳು, ಮದುವೆಯಾದ ಸೊಸೆ, ರಾತ್ರಿ ಪಾತ್ರೆ ತೊಳೆದಿಟ್ಟು ಪುಸ್ತಕ ಹಿಡಿದರೆ ಅದನ್ನು ಹಟವೆಂದು ಎಣಿಸಬೇಡಿರಿ. ಸಾಧ್ಯವಾದರೆ ಆ ಪಾತ್ರೆಗಳನ್ನು ಮನೆಯಲ್ಲಿ ಬೇರೆ ಯಾರಾದರೂ ತೊಳೆಯಿರಿ. ಅನಂತಶಾಸ್ತ್ರಿಗಳು ಮಡದಿಗೆ ಅಕ್ಷರ ಕಲಿಸಿದ್ದರಿಂದ ಆ ಮಡದಿಯು ಮಗಳಿಗೆ ಕಲಿಸಿದಳು. ಆ ಮಗಳಿಂದ ಸಾವಿರಾರು ಹೆಣ್ಣುಮಕ್ಕಳು ಬದುಕಿ ಓದಿದರು. ನಮ್ಮ ಮನೆಯ ದೀಪವು ಎಲ್ಲಿಯ ವರೆಗೆ ಬೆಳಗುವದೆಂದು ನಮಗೆ ತಿಳಿಯದು. ಅದನ್ನು ಹಚ್ಚಿಡುವದಷ್ಟೇ ನಮ್ಮ ಪಾಲಿಗೆ ಬಂದದ್ದು. ಅದಕ್ಕೆ ಬೇಕಾದ ಬಲವನ್ನು ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.